ಕರಡಿ ಕಾಡಿಗೆ ಯಾವ ಪಿಸ್ತೂಲು?

ಅಮೆರಿಕದ ಮೊಂಟಾನಾದ ಬಾಬ್ ಮಾರ್ಷಲ್ ಕಾಡಿಗೆ ಹೋಗುವುದು ಅಂತ ಆದಮೇಲೆ ಟೆಂಟು, ಊಟ, ಮ್ಯಾಪು ಎಲ್ಲಾ ಒಂದೇ ಸಂಜೆಯಲ್ಲಿ ಮುಗಿಯಿತು. ಪಿಸ್ತೂಲಿನ ಚರ್ಚೆ ಮಾತ್ರ ಮುಗಿಯಲೇ ಇಲ್ಲ. ಹತ್ತು ಲಕ್ಷ ಎಕರೆಗೂ ಜಾಸ್ತಿ ಕಾಡು, ಒಳಗೆ ರಸ್ತೆ ಇಲ್ಲ, ಗಾಡಿ ಬಿಡುವುದಿಲ್ಲ, ಗ್ರಿಜ್ಲಿ ಕರಡಿಗಳಿವೆ.

ಜೊತೆಗೆ ಬರುವ ಗೆಳೆಯ ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನಿಗೆ ಕೋವಿ ಏನು ಹೊಸದು? ನಾನು ಬಸವನಗುಡಿಯವನು. ನಮ್ಮ ಮನೆಯಲ್ಲಿ ಬಂದೂಕು ಅಂದರೆ ದೀಪಾವಳಿಯ ರೋಲ್ ಕ್ಯಾಪ್, ಅಷ್ಟೇ. ಎಚ್1ಬಿಯಲ್ಲಿ ಇದ್ದಾಗ ಈ ಯೋಚನೆಗೇ ಜಾಗ ಇರಲಿಲ್ಲ, ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಆ ವೀಸಾದವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಈಗ ಗ್ರೀನ್ ಕಾರ್ಡ್ ಇದೆ. ಹಾಗಾಗಿ ಒಂದು ಶನಿವಾರ ಡಲ್ಲಾಸ್‌ನಲ್ಲಿ ಗುರಿ ಅಭ್ಯಾಸಕ್ಕೆ ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜ್‌ಗೆ ಹೋದೆವು.

ಮೊದಲು ಕೈಗೆ ಬಂದದ್ದು ಪಾಯಿಂಟ್ 44 ಮ್ಯಾಗ್ನಮ್ ರಿವಾಲ್ವರ್. ಕರಡಿ ಅಂದರೆ ಹಳಬರು ಇದನ್ನೇ ಹೇಳುವುದು. ಮೊದಲ ಗುಂಡು ಕಾಗದದ ನಡುವಿಗೇ ಬಿತ್ತು, ನನಗೋ ಹೆಮ್ಮೆ. ಆದರೆ ನಳಿಗೆ ಚಾವಣಿ ನೋಡುತ್ತಿತ್ತು, ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ಉರಿಯುತ್ತಿತ್ತು. ಅದನ್ನು ಕೆಳಗಿಳಿಸಿ ಮತ್ತೆ ಗುರಿ ಹಿಡಿಯುವಷ್ಟರಲ್ಲಿ ಸುಮಾರು ಹೊತ್ತಾಯಿತು, ಎರಡನೆಯದು ಕಾಗದಕ್ಕೇ ತಗಲಲಿಲ್ಲ. "ಮೊದಲನೇದು ಬಿಡು ಮಾರಾಯ, ಎರಡನೇದು ಎಲ್ಲಿ ಹೋಯ್ತು ಹೇಳು" ಅಂದ ಗೆಳೆಯ. ಗ್ರಿಜ್ಲಿ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮೂವತ್ತು ಮೀಟರ್ ದಾಟಲು ಅದಕ್ಕೆ ಎರಡು ಸೆಕೆಂಡ್ ಸಾಕು.

ಆಮೇಲೆ 10 ಎಂಎಂನ ಗ್ಲಾಕ್ 20. ಹಿಡಿ ದಪ್ಪ, ಒದೆತವೂ ಇದೆ, ಆದರೆ ಕೈ ತಾನಾಗಿ ಗುರಿಗೆ ವಾಪಸ್ ಬರುತ್ತಿತ್ತು. ಮ್ಯಾಗಜೀನಿಗೆ 15 ಗುಂಡು. ಗ್ರೀನ್‌ಲ್ಯಾಂಡಿನಲ್ಲಿ ನಾಯಿಗಾಡಿ ಹೂಡಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರೂ ಹಿಮಕರಡಿಗೆಂದು ಇದನ್ನೇ ಒಯ್ಯುತ್ತಾರೆ. 9 ಎಂಎಂ ಎಲ್ಲಕ್ಕಿಂತ ಸುಲಭ ಅನ್ನಿಸಿತು, ಆದರೆ ಕರಡಿಯ ದಪ್ಪ ಸ್ನಾಯು, ಮೂಳೆ ನೆನೆಸಿಕೊಂಡರೆ ಧೈರ್ಯ ಬರಲಿಲ್ಲ. ಗುಂಡಿನ ವಿಷಯವೂ ಹಾಗೇ. ಮನೆ ಕಾವಲಿಗೆ ಇಡುವ, ತುದಿ ಟೊಳ್ಳಾದ ಹಾಲೋ ಪಾಯಿಂಟ್ ಗುಂಡು ಒಳಗೆ ಹೋಗಿ ಅರಳಿ ನಿಂತುಬಿಡುತ್ತದೆ. ಇಲ್ಲಿ ಬೇಕಾದದ್ದು ಅರಳದೆ ಆಳಕ್ಕೆ ಇಳಿಯುವ ಗಟ್ಟಿ ಸೀಸದ ಗುಂಡು.

ಇಷ್ಟಾದರೂ ಅದನ್ನು ಎಲ್ಲಿ ಕಟ್ಟಿಕೊಳ್ಳುವುದು ಅಂತ ಯೋಚಿಸಿಯೇ ಇರಲಿಲ್ಲ. ಪಿಸ್ತೂಲು ಕೊಂಡು ತಂದು, ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ಬ್ಯಾಗಿಗೆ ಸೋನಾ ಮಸೂರಿ ಚೀಲ ತುಂಬಿ ಬೆನ್ನಿಗೇರಿಸಿಕೊಂಡೆ. ಬ್ಯಾಗಿನ ಸೊಂಟಪಟ್ಟಿ ನನ್ನ ಸೊಂಟದ ಹೋಲ್‌ಸ್ಟರನ್ನು, ಅಂದರೆ ಪಿಸ್ತೂಲಿನ ಒರೆಯನ್ನು, ಪೂರ್ತಿ ಮುಚ್ಚಿಬಿಟ್ಟಿತು, ಕೈ ತೂರುವುದೇ ಇಲ್ಲ. ಎದೆಗೆ ಕಟ್ಟುವ ಹೋಲ್‌ಸ್ಟರ್ ತಂದರೆ ಬ್ಯಾಗಿನ ಎದೆಪಟ್ಟಿ ಸರಿಯಾಗಿ ಅದರ ಮೇಲೇ ಬಂತು. ಪಟ್ಟಿಯನ್ನು ಕುತ್ತಿಗೆಯ ಹತ್ತಿರಕ್ಕೆ ಏರಿಸಿದ ಮೇಲೆ ದಾರಿ ಆಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದವಳು, "ಆ ಸ್ಪ್ರೇ ಎಲ್ಲಿ ಕಟ್ಕೋತೀರಾ?" ಅಂದಳು.

ಸರಿಯಾದ ಪ್ರಶ್ನೆ, ಅವಳು ಕೇಳಿದ್ದು ಕರಡಿಯ ಮುಖಕ್ಕೆ ಹೊಡೆಯುವ ಖಾರದ ಸ್ಪ್ರೇ ಬಗ್ಗೆ. ಅಲಾಸ್ಕಾದ ಘಟನೆಗಳನ್ನು ಕಲೆಹಾಕಿದ 2008ರ ಅಧ್ಯಯನದಲ್ಲಿ ಸ್ಪ್ರೇ ಹೊಡೆದಾಗ ಕಂದು ಕರಡಿಗಳು (ಗ್ರಿಜ್ಲಿಯೂ ಅದೇ ಜಾತಿ) ಸುಮ್ಮನಾದದ್ದು ಶೇ. 92ರಷ್ಟು ಸಲ, 2012ರ ಇನ್ನೊಂದರಲ್ಲಿ ಪಿಸ್ತೂಲಿಗೆ ಸಿಕ್ಕ ಲೆಕ್ಕ ಶೇ. 84. ಎರಡೂ ಬೇರೆ ಬೇರೆ ತರಹದ ಘಟನೆಗಳು, ಪರೀಕ್ಷೆಯ ಮಾರ್ಕ್ಸ್ ತರಹ ಪಕ್ಕಪಕ್ಕ ಇಡುವುದು ಸರಿಯಲ್ಲ. ಆದರೆ ಸ್ಪ್ರೇ ಮೋಡದ ಹಾಗೆ ಹರಡುತ್ತದೆ, ನನ್ನಂಥ ಗುರಿಕಾರನಿಗೆ ಅದು ದೊಡ್ಡ ಉಪಕಾರ ಅಲ್ವಾ? ವಿಚಿತ್ರ ಅಂದರೆ ಚೆಕ್-ಇನ್ ಲಗೇಜಿನಲ್ಲಿ ಬೀಗ ಹಾಕಿ, ವಿಮಾನದವರಿಗೆ ಮೊದಲೇ ತಿಳಿಸಿ ಕೊಟ್ಟರೆ ಪಿಸ್ತೂಲು ವಿಮಾನದಲ್ಲಿ ಹೋಗುತ್ತದೆ, ಕರಡಿ ಸ್ಪ್ರೇ ಮಾತ್ರ ಹೋಗುವಂತಿಲ್ಲ. ಅದನ್ನು ಮೊಂಟಾನಾದಲ್ಲೇ ಕೊಳ್ಳಬೇಕು. ಬಲಗೈ ತಟ್ಟನೆ ಹೋಗುವ ಸೊಂಟಪಟ್ಟಿಯ ಜಾಗ ಸ್ಪ್ರೇಗೆ, ಎದೆ ಗ್ಲಾಕ್‌ಗೆ ಅಂತ ಕೊನೆಗೆ ಇತ್ಯರ್ಥವಾಯಿತು.

ಗೆಳೆಯ ಮಾತ್ರ ರಿವಾಲ್ವರ್ ಬಿಡಲಿಲ್ಲ. ಕರಡಿ ಮೈಮೇಲೇ ಬಿದ್ದಾಗ ಒತ್ತಿ ಹಿಡಿದು ಹೊಡೆದರೆ ಗ್ಲಾಕ್‌ನಂಥ ಸೆಮಿ-ಆಟೋಮ್ಯಾಟಿಕ್‌ನ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದೆ ಸರಿದು ಗುಂಡೇ ಹಾರದೆ ಹೋಗಬಹುದು, ರಿವಾಲ್ವರಿಗೆ ಆ ತಾಪತ್ರಯ ಇಲ್ಲ ಅನ್ನುವುದು ಅವನ ವಾದ. ಅದೂ ನಿಜವೇ. ಆರೇ ಗುಂಡು ಸಾಕಾ ಅಂತ ಕೇಳಿದೆ. "ನಿನ್ನ ಹದಿನೈದರಲ್ಲಿ ಕರಡಿಗೆ ತಗಲೋದು ಎಷ್ಟು, ಅದನ್ನ ಮೊದಲು ಹೇಳು" ಅಂದ. ಹೊರಡುವ ತನಕ ಶನಿವಾರ ಎಲ್ಲಾ ರೇಂಜ್‌ನಲ್ಲೇ ಕಳೆಯುವುದು ಅಂತ ಆಗಿದೆ.