ಕಾಲದ ಬಾಗಿಲು ದಾಟಿದ ಮೇಲೆ ಊಟಕ್ಕೇನು?

2011ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಆರಂಭವಾಗಿ ಹದಿಮೂರೇ ಕಂತುಗಳಿಗೆ ನಿಂತುಹೋದ ‘ಟೆರ್ರಾ ನೋವಾ’ ಧಾರಾವಾಹಿಯನ್ನು ಈಚೆಗೆ ಮತ್ತೊಮ್ಮೆ ನೋಡಿದೆ. 2149ರ ಹೊತ್ತಿಗೆ ಭೂಮಿಯ ಗಾಳಿ ಉಸಿರಾಡಲಾಗದಷ್ಟು ಕೆಟ್ಟಿರುತ್ತದೆ; ಕಾಲದಲ್ಲಿ ತೆರೆದುಕೊಂಡ ಒಂದು ಬಿರುಕಿನ ಮೂಲಕ ಆಯ್ದ ಜನರನ್ನು ತಂಡತಂಡವಾಗಿ 8.5 ಕೋಟಿ ವರ್ಷ ಹಿಂದಕ್ಕೆ ಕಳುಹಿಸಿ, ಡೈನೋಸಾರ್‌ಗಳ ನಡುವೆ ಒಂದು ವಸಾಹತು ಕಟ್ಟಲಾಗುತ್ತದೆ. ಕಾಲಪ್ರಯಾಣವೇ ಕಟ್ಟುಕಥೆಯಾಗಿರುವಾಗ ಅದರಲ್ಲಿ ವಿಜ್ಞಾನ ಹುಡುಕುವುದೇಕೆ ಎಂದು ಕೇಳುವವರಿದ್ದಾರೆ. ನನ್ನ ತಕರಾರು ಕಾಲಪ್ರಯಾಣದ ಮೇಲಲ್ಲ. ಒಂದು ದೊಡ್ಡ ಸುಳ್ಳನ್ನು ಒಪ್ಪಿಕೊಳ್ಳಲು ನೋಡುಗ ಮೊದಲೇ ಸಿದ್ಧನಾಗಿ ಕೂತಿರುತ್ತಾನೆ. ಅದಾದ ಮೇಲಿನ ಬೇಲಿ, ಬಿತ್ತನೆ, ಗಡಿಯಾರಗಳ ಲೆಕ್ಕ ತಪ್ಪಿದಾಗಲೇ ಕಥೆಯ ಮೇಲಿನ ನಂಬಿಕೆ ಹೋಗುವುದು.

ಆ ದೊಡ್ಡ ಸುಳ್ಳನ್ನು ಇಲ್ಲಿ ಜಾಣತನದಿಂದಲೇ ನಿಭಾಯಿಸಿದ್ದಾರೆ. ಬಿರುಕಿನೊಳಗೆ ಹಾಕಿದ ಶೋಧಕ ಯಂತ್ರದ ಕುರುಹು ತಮ್ಮ ಕಾಲದ ಭೂಮಿಯಲ್ಲಿ ಎಲ್ಲಿಯೂ ಸಿಗದ ಕಾರಣ, ಅದು ಬೇರೆಯೇ ಕಾಲಧಾರೆ ಎಂದು ತೀರ್ಮಾನಿಸುತ್ತಾರೆ. ಹೀಗಾಗಿ ಅಲ್ಲಿ ಯಾವ ಪ್ರಾಣಿಯನ್ನು ಕೊಂದರೂ ಇಲ್ಲಿ ಯಾರೂ ಮಾಯವಾಗುವುದಿಲ್ಲ. ಹಿಂದಿನ ಕಾಲಕ್ಕೆ ಹೋಗಿ ತಾತನನ್ನೇ ಕೊಂದರೆ ಮೊಮ್ಮಗ ಹುಟ್ಟುವುದು ಹೇಗೆ ಎಂಬ ಹಳೆಯ ಒಗಟಿಗೂ ಎಡೆಯಿಲ್ಲ. ತೊಂದರೆ ಶುರುವಾಗುವುದು ಪ್ರಾಣಿಗಳು ತೆರೆಗೆ ಬಂದಾಗ. ಉತ್ತರ ಅಮೆರಿಕದ ಸುಮಾರು 15 ಕೋಟಿ ವರ್ಷ ಹಳೆಯ ಬ್ರಾಕಿಯೋಸಾರಸ್ಸೂ, ದಕ್ಷಿಣ ಅಮೆರಿಕದ ಸುಮಾರು 7 ಕೋಟಿ ವರ್ಷ ಹಳೆಯ ಕಾರ್ನೋಟಾರಸ್ಸೂ ಒಂದೇ ಅಂಗಳದಲ್ಲಿ ಓಡಾಡುತ್ತವೆ. ಆ ಯುಗದಲ್ಲಿ ಖಂಡಗಳು ಚದುರಿಹೋಗುತ್ತಿದ್ದವು, ಒಂದೊಂದು ಭೂಭಾಗಕ್ಕೂ ಅದರದೇ ಜೀವಿಗಳಿದ್ದವು. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಹೆಚ್ಚುಕಡಿಮೆ ಅದೇ ಕಾಲದವು. ಭಾರತ ಮತ್ತು ಮಡಗಾಸ್ಕರ್ ಬೇರ್ಪಡುವಾಗ ಹರಿದ ಲಾವಾದಿಂದ ಆದವು. ಬೇರೆ ಕಾಲಧಾರೆಯಲ್ಲವೇ, ಏನು ಬೇಕಾದರೂ ಇರಬಹುದು ಎಂದು ಸಮರ್ಥಿಸಬಹುದು. ಏನು ಬೇಕಾದರೂ ಇರಬಹುದಾದ ಕಾಲಕ್ಕೆ 8.5 ಕೋಟಿ ಎಂಬ ಖಚಿತವಾದ ಅಂಕಿ ಏಕೆ ಬೇಕಿತ್ತೋ ತಿಳಿಯದು.

ಪ್ರಾಚೀನ ಆಕಾಶದಲ್ಲಿ ಭಾರೀ ಚಂದ್ರನನ್ನು ತೋರಿಸುವುದೆಂದರೆ ಇಂಥ ಕಥೆಗಳಿಗೆ ಬಲು ಇಷ್ಟ. ಚಂದ್ರ ಈಗ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಇದೇ ವೇಗ ಹಿಡಿದರೂ 8.5 ಕೋಟಿ ವರ್ಷಕ್ಕೆ ಆಗುವ ವ್ಯತ್ಯಾಸ 3,200 ಕಿಲೋಮೀಟರ್ ಚಿಲ್ಲರೆ, ಅಂದರೆ ಶೇಕಡಾ ಒಂದಕ್ಕೂ ಕಡಿಮೆ. ಅದು ಬರಿಗಣ್ಣಿಗೆ ತಿಳಿಯುವಂಥದ್ದಲ್ಲ. ಚಂದ್ರನ ಸೆಳೆತದಿಂದ ಭೂಮಿಯ ತಿರುಗಾಟವೂ ನಿಧಾನವಾಗುತ್ತ ಬಂದಿರುವುದರಿಂದ, ವ್ಯತ್ಯಾಸ ನಿಜವಾಗಿ ತಿಳಿಯುವುದು ಕೈಗಡಿಯಾರದಲ್ಲಿ. ಸುಮಾರು 7 ಕೋಟಿ ವರ್ಷ ಹಳೆಯ ಕಡಲಚಿಪ್ಪೊಂದರ ದಿನದಿನದ ಪದರಗಳನ್ನು ಎಣಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆಗ ವರ್ಷಕ್ಕೆ 372 ದಿನಗಳಿದ್ದವು, ದಿನಕ್ಕೆ ಇಪ್ಪತ್ತಮೂರೂವರೆ ಗಂಟೆ. ಇನ್ನೂ ಹಿಂದೆ ಹೋದರೆ ದಿನ ತುಸು ಮತ್ತೂ ಚಿಕ್ಕದು. 2149ರಿಂದ ತಂದ ಗಡಿಯಾರದಲ್ಲಿ ಸೂರ್ಯೋದಯ ಪ್ರತಿದಿನ ಅರ್ಧ ಗಂಟೆ ಮುಂಚಿತವಾಗುತ್ತ, ಇಪ್ಪತ್ತನಾಲ್ಕು ದಿನಗಳಲ್ಲಿ ನಡುಹಗಲಿಗೆ ಮಧ್ಯರಾತ್ರಿಯ ಹನ್ನೆರಡು ತೋರಿಸುತ್ತದೆ. ಕಾವಲಿನ ಪಾಳಿ, ಔಷಧಿಯ ವೇಳೆ, ಮಕ್ಕಳ ಶಾಲೆ ಎಲ್ಲಕ್ಕೂ ಹೊಸ ಗಂಟೆ, ಹೊಸ ಪಂಚಾಂಗ ಬೇಕು. ಒಂದು ಇಡೀ ಕಂತಿಗೆ ಸಾಕಾಗುವ ವಸ್ತುವಿದು, ಅದೂ ಹೆಚ್ಚಿನ ಖರ್ಚಿಲ್ಲದೆ.

ಇನ್ನು ಊಟ. ಭತ್ತ, ರಾಗಿ, ಗೋಧಿ, ಜೋಳಗಳಿಗೆ ಜೇನುನೊಣದ ಹಂಗಿಲ್ಲ. ಬೀಜ ಒಯ್ದರೆ ಕಾಳು ಕಟ್ಟುತ್ತವೆ. ಕುಂಬಳ, ಸೌತೆಗಳ ಕಥೆ ಬೇರೆ. ಇಂದಿನ ಜೇನುನೊಣ ಆಗಿನ್ನೂ ಹುಟ್ಟಿರಲಿಲ್ಲ, ಆಗಿದ್ದ ಕೀಟಗಳು ಈ ಅಪರಿಚಿತ ಹೂಗಳಿಗೆ ಬರುತ್ತವೆಂಬ ಭರವಸೆಯೂ ಇಲ್ಲ, ಆದ್ದರಿಂದ ಪೆಟ್ಟಿಗೆಯಲ್ಲಿ ಜೇನುಗೂಡನ್ನೂ ಹೊತ್ತೊಯ್ಯಬೇಕು. ತೊಗರಿ, ಹುರುಳಿಯಂಥ ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿದ್ದು ಸಾರಜನಕ ಕೂಡಿಸಿಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಆ ಮಣ್ಣಿನಲ್ಲಿ ಸಿಗುವುದು ಅನುಮಾನ, ಏಕೆಂದರೆ ದ್ವಿದಳ ಸಸ್ಯಗಳ ಪಳೆಯುಳಿಕೆಗಳು ಕಾಣಿಸಿಕೊಳ್ಳುವುದೇ ಡೈನೋಸಾರ್‌ಗಳು ಅಳಿದ ಮೇಲೆ. ಬಿತ್ತನೆಗೆ ಮುನ್ನ ಬೀಜಕ್ಕೆ ಹಚ್ಚುವ ಜೀವಾಣು ಗೊಬ್ಬರದ ಪೊಟ್ಟಣವನ್ನು ಬಂದೂಕಿಗಿಂತ ಮೊದಲು ಗಂಟಿಗೆ ಕಟ್ಟಬೇಕಾದ ಪ್ರಯಾಣವಿದು.

ಬೆಳೆದ ಪೈರನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಧಾರಾವಾಹಿಯ ಭಯವೆಲ್ಲ ಮಾಂಸಾಹಾರಿಗಳ ಮೇಲೆ. ಬೇಲಿಯ ಬಳಿ ಬರುವ ಬ್ರಾಕಿಯೋಸಾರಸ್‌ಗೆ ಪುಟ್ಟ ಹುಡುಗಿ ಸೊಪ್ಪು ತಿನ್ನಿಸುವುದು ಮುದ್ದಿನ ದೃಶ್ಯ. ಕೊಡಗಿನಲ್ಲೋ ಸಕಲೇಶಪುರದಲ್ಲೋ ತೋಟವಿರುವವರು ಇದನ್ನು ನೋಡಿ ಮುದ್ದು ಮಾಡಲಾರರು. ನಾಲ್ಕೈದು ಟನ್ನಿನ ಆನೆಗೆ ಕಂದಕ, ಸೋಲಾರ್ ಬೇಲಿ, ರೈಲುಕಂಬಿಯ ತಡೆ ಎಲ್ಲವನ್ನೂ ಮಾಡಿದರೂ ಬಾಳೆ, ಭತ್ತ ಉಳಿಯುವ ಖಾತರಿಯಿಲ್ಲದಿರುವಾಗ, ಮೂವತ್ತು ಟನ್ನಿಗೂ ಮಿಕ್ಕ ಸಸ್ಯಾಹಾರಿಗೆ ಮರದ ದಿಮ್ಮಿಗಳ ಬೇಲಿ ಯಾವ ಲೆಕ್ಕ? ಕೊಂಬಿನ ಕಾರ್ನೋಟಾರಸ್ ಒಬ್ಬಿಬ್ಬರನ್ನು ಹಿಡಿಯಬಹುದು. ಸೊಪ್ಪು ತಿನ್ನುವ ಹಿಂಡು ಒಂದು ರಾತ್ರಿಯಲ್ಲಿ ಇಡೀ ವಸಾಹತಿನ ವರ್ಷದ ಅನ್ನವನ್ನೇ ತುಳಿದುಹಾಕುತ್ತದೆ.

ಮಾತ್ರೆ, ಬ್ಯಾಟರಿ, ಕನ್ನಡಕದ ಗಾಜುಗಳ ಪೂರೈಕೆಯ ಬಗ್ಗೆ ಧಾರಾವಾಹಿ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದಿನ ತಂಡ ತರುತ್ತದೆ ಎಂಬ ಒಂದು ಮಾತಿಗೆ ಬಿಟ್ಟುಬಿಡೋಣ. ಕಂಪ್ಯೂಟರಿನಲ್ಲಿ ಡೈನೋಸಾರ್ ಬಿಡಿಸುವುದು ದುಬಾರಿಯಾದ್ದರಿಂದ ಕಂತಿಗೆ ಕೆಲವೇ ನಿಮಿಷ ಅವುಗಳ ದರ್ಶನವಾಗಿ, ಉಳಿದ ಸಮಯವನ್ನು ಬಂಡುಕೋರರ ಗುಂಪು, ಗೂಢಚಾರರು, ಹದಿಹರೆಯದ ಪ್ರೇಮಗಳು ತುಂಬುತ್ತವೆ. ಇವಕ್ಕೆ 8.5 ಕೋಟಿ ವರ್ಷ ಹಿಂದಕ್ಕೆ ಹೋಗಬೇಕಾಗಿರಲಿಲ್ಲ, ಯಾವ ಊರಾದರೂ ಆಗುತ್ತಿತ್ತು. ಹೊಂದದ ಗಡಿಯಾರ, ಗಂಟು ಕಟ್ಟದ ತೊಗರಿಬೇರು, ರಾತ್ರಿ ಗದ್ದೆಯ ಕಡೆಯಿಂದ ಬರುವ ಸದ್ದು ಇವುಗಳನ್ನು ತೋರಿಸಲು ದುಬಾರಿ ಚಿತ್ರಣವೂ ಬೇಕಿರಲಿಲ್ಲ, ಮತ್ತು ಇವು ಆ ಕಾಲಕ್ಕೆ ಹೋದವರಿಗೆ ಮಾತ್ರ ಬರಬಹುದಾದ ಕಷ್ಟಗಳಾಗಿದ್ದವು.