ದಿನಕ್ಕೆ ಇಪ್ಪತ್ತೈದು ಎಂಬ ಗುರಿ

ಏಪ್ರಿಲ್ ಬಂತೆಂದರೆ ನಮ್ಮ ಕಚೇರಿಯಲ್ಲಿ ಪ್ರತಿಯೊಬ್ಬರ ವರ್ಷದ ಗುರಿಗಳನ್ನು ಬರೆದು ಮುಗಿಸುವ ಗಡಿಬಿಡಿ ಶುರುವಾಗುತ್ತದೆ. ಗ್ರಾಹಕರ ದೂರುಗಳನ್ನು ಬಗೆಹರಿಸುವ ಒಂಬತ್ತು ಜನರ ತಂಡದ ಹೊಣೆ ಹೊತ್ತ ಮೊದಲ ವರ್ಷ ನಾನು ಈ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟೆ. ಒಬ್ಬೊಬ್ಬರೂ ದಿನಕ್ಕೆ 25 ದೂರುಗಳನ್ನು ಮುಗಿಸಬೇಕೆಂದು ಎಲ್ಲರ ಹೆಸರಿನ ಮುಂದೆಯೂ ಬರೆದೆ.

ಜೂನ್ ಹೊತ್ತಿಗೆ ಅಂಕಿಗಳು ಏರಿದವು. ಆದರೆ ಮುಗಿದ ದೂರುಗಳನ್ನು ಒಂದೊಂದಾಗಿ ತೆರೆದು ಓದಿದಾಗ, ಒಬ್ಬರೇ ಗ್ರಾಹಕರ ಒಂದೇ ಬಿಲ್ಲಿನ ತಕರಾರು ಹತ್ತು ದಿನಗಳಲ್ಲಿ ನಾಲ್ಕು ಬಾರಿ ‘ಮುಗಿದು’, ನಾಲ್ಕು ಬಾರಿಯೂ ಹೊಸ ಸಂಖ್ಯೆ ಪಡೆದು ಮರಳಿ ಬಂದಿರುವುದು ಕಂಡಿತು. ಯಾರಿಗೂ ಬೇಡವಾದ ಜಟಿಲ ದೂರುಗಳನ್ನು ತಾವಾಗಿಯೇ ಎತ್ತಿಕೊಳ್ಳುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರ ಹೆಸರು ಪಟ್ಟಿಯ ಕೊನೆಯಲ್ಲಿತ್ತು. ಅದನ್ನು ನೋಡಿದಾಗ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿ ನಡೆದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಉದಾಹರಣೆ. ಒಬ್ಬ ಗ್ರಾಹಕನಿಗೆ ಎಂಟು ಸೇವೆಗಳನ್ನಾದರೂ ಮಾರಬೇಕೆಂಬ ಒತ್ತಡದಲ್ಲಿ ಸಿಬ್ಬಂದಿ ಗ್ರಾಹಕರ ಒಪ್ಪಿಗೆಯಿಲ್ಲದೆಯೇ ಲಕ್ಷಗಟ್ಟಲೆ ಖಾತೆಗಳನ್ನು ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅದಕ್ಕೂ ಮೊದಲು ಸುಮಾರು 5,300 ನೌಕರರನ್ನು ಕೆಲಸದಿಂದ ತೆಗೆಯಲಾಗಿತ್ತು. ಗುರಿ ಇಟ್ಟವರಿಗಿಂತ ಮೊದಲು ಬೆಲೆ ತೆತ್ತವರು ಕೌಂಟರಿನ ಹಿಂದೆ ಕೂತವರು.

ನಿರ್ವಹಣಾ ಚಿಂತಕ ಪೀಟರ್ ಡ್ರಕರ್ 1954ರಲ್ಲಿ ಗುರಿಯಾಧಾರಿತ ನಿರ್ವಹಣೆಯ ವಿಚಾರವನ್ನು ಮುಂದಿಟ್ಟಾಗ ಅದರ ಜೊತೆಗೇ ಸ್ವನಿಯಂತ್ರಣದ, ಅಂದರೆ ತಮ್ಮ ಕೆಲಸವನ್ನು ತಾವೇ ಅಳೆದು ತಿದ್ದಿಕೊಳ್ಳುವ ಮಾತನ್ನೂ ಸೇರಿಸಿದ್ದರು. ನಮ್ಮ ಗುರಿಪಟ್ಟಿಯ ನಮೂನೆಗಳಲ್ಲಿ ಗುರಿ ಉಳಿದುಕೊಂಡಿದೆ, ಸ್ವನಿಯಂತ್ರಣ ಬಿಟ್ಟುಹೋಗಿದೆ.

ಮರುವರ್ಷ ಒಬ್ಬೊಬ್ಬರ ಜೊತೆಯೂ ಒಂದೊಂದು ಗಂಟೆ ಕೂತೆ. ಆ ಹಿರಿಯ ಸಹೋದ್ಯೋಗಿಗೆಂದು, ಏಳು ದಿನಗಳೊಳಗೆ ಮರಳಿ ಬರುವ ದೂರುಗಳನ್ನು ಅರ್ಧಕ್ಕೆ ಇಳಿಸಬೇಕು ಎಂದು ಬರೆದುಕೊಂಡು ಹೋಗಿದ್ದೆ. ಅವರು ಹಾಳೆಯನ್ನು ತಮ್ಮತ್ತ ಎಳೆದುಕೊಂಡು, ಪೆನ್ಸಿಲಿನಿಂದ ಆ ಸಾಲನ್ನು ಹೊಡೆದುಹಾಕಿ, “ಬಿಲ್ಲಿಂಗ್ ವಿಭಾಗದವರು ಮೂಲ ದೋಷವನ್ನು ಸರಿಪಡಿಸದಿದ್ದರೆ ನಾನೇನು ಮಾಡಲಿ?” ಎಂದು ಕೇಳಿದರು. ಕೇಳಿದ್ದು ನ್ಯಾಯವಾಗಿತ್ತು. ಪದೇ ಪದೇ ಬರುವ ಮೂರು ದೂರುಗಳ ಮೂಲವನ್ನು ಜುಲೈಯೊಳಗೆ ಹುಡುಕಿ ಬರೆದುಕೊಡುವುದು ಅವರ ಗುರಿಯಾಯಿತು. ಬಿಲ್ಲಿಂಗ್ ವಿಭಾಗದಿಂದ ಅವನ್ನು ಸರಿಮಾಡಿಸುವ ಕೆಲಸವನ್ನು ನಾನು ನನ್ನ ಗುರಿಪಟ್ಟಿಯ ಮೊದಲ ಸಾಲಿಗೆ ಸೇರಿಸಿಕೊಂಡೆ.