ಕಮರಿಯಾಚೆಯ ಊರು

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ, ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿರುವ ಕಿಬ್ಬರ್ ಮತ್ತು ಚಿಚಮ್ ಎಂಬ ಹಳ್ಳಿಗಳು ಅಕ್ಕಪಕ್ಕದಲ್ಲೇ ಇದ್ದರೂ, ನಡುವಿನ ಆಳವಾದ ಕಮರಿಯಿಂದಾಗಿ ಬಹುಕಾಲ ಪರಸ್ಪರ ದೂರವೇ ಉಳಿದಿದ್ದವು. 2017ರಲ್ಲಿ ಸೇತುವೆ ಸಂಚಾರಕ್ಕೆ ತೆರೆಯುವ ಮುನ್ನ ಜನರು ತಂತಿಗೆ ತೂಗುಹಾಕಿದ ಪೆಟ್ಟಿಗೆಯಲ್ಲಿ ಕುಳಿತು, ಹಗ್ಗವನ್ನು ಕೈಯಿಂದಲೇ ಎಳೆದುಕೊಂಡು ಆಚೆ ದಡ ಸೇರುತ್ತಿದ್ದರು. ಕಾಯಿಲೆಯವರನ್ನೂ ಹಾಗೆಯೇ ಸಾಗಿಸಬೇಕಿತ್ತೆಂಬುದನ್ನು ನೆನೆದರೆ, ಈ ಸೇತುವೆಯನ್ನು ಕೇವಲ ಪ್ರವಾಸಿಗರ ಛಾಯಾಚಿತ್ರದ ತಾಣವೆಂದು ಕಾಣಲು ನನಗೆ ಮನಸ್ಸಾಗುವುದಿಲ್ಲ.

ಆದರೆ ಇಲ್ಲಿನ ಬದುಕನ್ನು ನಿರ್ಧರಿಸುವುದು ರಸ್ತೆಗಿಂತ ಹೆಚ್ಚಾಗಿ ನೀರು. ಮಳೆನೆರಳಿನ ಈ ಶೀತ ಮರುಭೂಮಿಯಲ್ಲಿ ಕರಗಿದ ಹಿಮದ ನೀರನ್ನು ಕಿರುಕಾಲುವೆಗಳ ಮೂಲಕ ಹೊಲಕ್ಕೆ ತಂದು, ವರ್ಷಕ್ಕೆ ಒಂದೇ ಬೆಳೆಯಾಗಿ ಬಾರ್ಲಿಯನ್ನೂ ಹಸಿರು ಬಟಾಣಿಯನ್ನೂ ಬೆಳೆಯುತ್ತಾರೆ. ಕೆಳಗಿನ ಬಯಲು ಪ್ರದೇಶಗಳಲ್ಲಿ ತಾಜಾ ಬಟಾಣಿ ಅಪರೂಪವಾಗುವ ಬೇಸಿಗೆಯ ಕೊನೆಯಲ್ಲಿ ಇಲ್ಲಿನ ಕೊಯ್ಲು ನಡೆಯುವುದರಿಂದ ಅದಕ್ಕೆ ಒಳ್ಳೆಯ ಬೆಲೆ ಸಿಗುತ್ತದೆ; ಮನೆಗಳಿಗೆ ನಗದು ಬರುವುದು ಮುಖ್ಯವಾಗಿ ಈ ಬೆಳೆಯಿಂದ. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದರೆ ಮುಂದಿನ ಬೇಸಿಗೆಯ ಕಾಲುವೆ ಬಡವಾಗುತ್ತದೆ.

ಇದೇ ಕಾರಣಕ್ಕೆ ವಸತಿಗೃಹಗಳಲ್ಲಿ ಹೆಚ್ಚುತ್ತಿರುವ ಫ್ಲಶ್ ಶೌಚಾಲಯಗಳು ನನ್ನನ್ನು ಕಾಡುತ್ತವೆ. ಸಾಂಪ್ರದಾಯಿಕ ಒಣ ಶೌಚಾಲಯಕ್ಕೆ ಹನಿ ನೀರೂ ಬೇಡ. ಮಣ್ಣು, ಬೂದಿ ಸೇರಿ ಕಳಿತ ತ್ಯಾಜ್ಯ ಹೊಲಕ್ಕೆ ಗೊಬ್ಬರವಾಗುತ್ತದೆ. ಅದನ್ನು ಹಿಂದುಳಿದಿರುವಿಕೆಯ ಗುರುತೆಂದು ಭಾವಿಸುವುದು ತಪ್ಪು. ಈ ಕಣಿವೆಗೆ ಹೋಗುವವರು ಅಂಥ ಶೌಚಾಲಯವಿರುವ ಮನೆಯಲ್ಲೇ ಉಳಿದುಕೊಳ್ಳಬೇಕೆಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.